ಲೆಕ್ಕದ ಕಾಕಾನ ಉತ್ತರ: ಕ್ಲಬ್ಬಿನ ಬಾಗಿಲು ಯಾರಿಗೆ?

ಕಳೆದ ಸಂಚಿಕೆಯಲ್ಲಿ ಬೆಳಗಾವಿ ಕ್ಯಾಂಪಿನ ಹಳೆಯ ಬಂಗಲೆಗಳ ಬಗ್ಗೆ ಬರೆಯುತ್ತಾ ‘ಸದಸ್ಯರಿಗೆ ಮಾತ್ರ’ ಎಂಬ ಬೋರ್ಡಿನ ಮಾತು ಬಂದಿತ್ತು. ಅಷ್ಟಕ್ಕೇ ಈ ಸಲದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಕ್ಲಬ್ಬಿನ ಮೇಲೇ ಬಂದಿವೆ. ಹಾಗಾಗಿ ಉತಾರ (ಜಮೀನಿನ ದಾಖಲೆ), ವಾಟ್ನಿ (ಆಸ್ತಿ ಪಾಲು), ಆದಾಯ ತೆರಿಗೆ ಪ್ರಶ್ನೆಗಳಿಗೆ ಈ ತಿಂಗಳು ರಜೆ. ಮೊದಲೇ ಒಂದು ಮಾತು. ನಾನು ಆಡಿಟರ್ ಆಗಿ ಕೆಲವು ಕ್ಲಬ್ಬುಗಳ ಲೆಕ್ಕ ನೋಡಿದವನೇ ಹೊರತು ಗಾಲ್ಫ್ ಕೋಲು ಹಿಡಿದವನಲ್ಲ. ಆಟದ ಸೂಕ್ಷ್ಮ ನನ್ನನ್ನು ಕೇಳಬೇಡಿ. ಬೈಲಾ, ಅಂದರೆ ಕ್ಲಬ್ಬಿನ ನಿಯಮ ಕೇಳಿ, ಹೇಳುತ್ತೇನೆ.

ಕಾಕಾ, ಟಿವಿಯಲ್ಲಿ ಗಾಲ್ಫ್ ತೋರಿಸುವಾಗ ಅಮೆರಿಕದ ಒಂದು ಕ್ಲಬ್ಬಿನ ಹೆಸರು ಬರೀ ‘ದಿ ಕಂಟ್ರಿ ಕ್ಲಬ್’ ಅಂತ ಬಂತು. ಊರಿನ ಹೆಸರೇ ಇಲ್ಲ! ಇದರ ಕಥೆ ಏನು?
– ಟಿಳಕವಾಡಿಯ ಕಾಲೇಜು ವಿದ್ಯಾರ್ಥಿ

ಬಾಸ್ಟನ್ ಪಕ್ಕದಲ್ಲಿ ಬ್ರೂಕ್‌ಲೈನ್ ಅಂತ ಊರಿದೆ. ಅಲ್ಲಿ 1882ರಲ್ಲಿ ಈ ಕ್ಲಬ್ ಶುರುವಾಯಿತು. ಆ ದೇಶದಲ್ಲಿ ಇಂಥದ್ದು ಇದೇ ಮೊದಲು ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಎರಡನೆಯದು ಇಲ್ಲದಿದ್ದಾಗ ಊರಿನ ಹೆಸರು ಹಚ್ಚುವ ಗರಜೇನಿತ್ತು?

ಬಾಸ್ಟನ್ನಿನ ಸಾಹುಕಾರರಿಗೆ ಪೇಟೆಯೊಳಗೆ ಕ್ಲಬ್ಬುಗಳು ಮೊದಲೇ ಇದ್ದವು. ಗಂಡಸರು ಕೂತು ಪೇಪರ್ ಓದುವುದು, ಊಟ ಮಾಡುವುದು, ಎಲೆ ಆಡುವುದು, ಇಷ್ಟೇ. ಹೆಂಡತಿ ಮಕ್ಕಳನ್ನು ಕರೆದೊಯ್ಯುವಂತಿರಲಿಲ್ಲ. ಕುದುರೆ ಓಡಿಸಲು ಜಾಗವಿರಲಿಲ್ಲ. ಅದಕ್ಕೇ ಸಾರೋಟು ಹೂಡಿಕೊಂಡು ಹೋಗಿ ಸಂಜೆಗೆ ಮರಳುವಷ್ಟು ದೂರದಲ್ಲಿ ಹೊಲ, ಮರ, ಒಂದು ದೊಡ್ಡ ಮನೆ, ಸುತ್ತ ಕುದುರೆ ರೇಸಿನ ದಾರಿ ಮಾಡಿಕೊಂಡರು. ಗಾಲ್ಫ್ ಬಂದದ್ದು ಆಮೇಲೆ, 1893ರಲ್ಲಿ. ಅದೂ ಆರೇ ಕುಳಿಗಳ ಮೈದಾನ. ಆಟ ಹೇಗೆಂದು ತೋರಿಸಲು ನಿಂತ ಸದಸ್ಯರೊಬ್ಬರು ಮೊದಲ ಹೊಡೆತಕ್ಕೇ ಚೆಂಡನ್ನು ಕುಳಿಗೆ ಹಾಕಿದರಂತೆ. ಗಾಲ್ಫ್‌ನಲ್ಲಿ ಅದು ಬಲು ಅಪರೂಪ, ಆದರೆ ನೋಡುತ್ತಿದ್ದವರಿಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲವಂತೆ. ಮುಂದಿನ ಹೊಡೆತಗಳು ಹಾಗೆ ಬೀಳದಿದ್ದಾಗ ‘ಇವರಿಗೆ ಸರಿಯಾಗಿ ಬರಲ್ಲ’ ಎಂದುಕೊಂಡರಂತೆ. ಮರುವರ್ಷವೇ, 1894ರಲ್ಲಿ, ಅಮೆರಿಕದ ಗಾಲ್ಫ್ ಸಂಘ ಕಟ್ಟಿದ ಐದು ಕ್ಲಬ್ಬುಗಳಲ್ಲಿ ಇದೂ ಒಂದಾಯಿತು.

ಆದರೆ ಈ ಕ್ಲಬ್ಬನ್ನು ಜಗತ್ತಿಗೆ ಗೊತ್ತು ಮಾಡಿದವನು ಅದರ ಸಾಹುಕಾರ ಸದಸ್ಯನಲ್ಲ. ರಸ್ತೆಯ ಆಚೆ ಬದಿ, ಮೈದಾನದ ಎದುರಿಗೆ, ವಲಸೆ ಬಂದ ಬಡ ಮನೆತನವೊಂದಿತ್ತು. ಆ ಮನೆಯ ಹುಡುಗ ಫ್ರಾನ್ಸಿಸ್ ವಿಮೆಟ್ ಚಿಕ್ಕಂದಿನಲ್ಲಿ ಅಲ್ಲೇ ಕ್ಯಾಡಿ ಕೆಲಸ ಮಾಡಿದ. ಅಂದರೆ ಸದಸ್ಯರ ಗಾಲ್ಫ್ ಚೀಲ ಹೊತ್ತು ಅವರ ಹಿಂದೆ ನಡೆಯುವ ಕೆಲಸ. 1913ರಲ್ಲಿ ಯುಎಸ್ ಓಪನ್ ಎಂಬ ದೊಡ್ಡ ಗಾಲ್ಫ್ ಪಂದ್ಯಾವಳಿ ಅದೇ ಮೈದಾನದಲ್ಲಿ ನಡೆಯಿತು. ಇಂಗ್ಲೆಂಡಿನಿಂದ ಹ್ಯಾರಿ ವಾರ್ಡನ್, ಟೆಡ್ ರೇ ಎಂಬ ಇಬ್ಬರು ಘಟಾನುಘಟಿಗಳು ಬಂದಿದ್ದರು. ವಿಮೆಟ್‌ಗೆ 20 ವರ್ಷ. ಅವನ ಚೀಲ ಹೊತ್ತವನು ಎಡ್ಡಿ ಲೋವರಿ, ಹತ್ತು ವರ್ಷದ ಪೋರ. ವಿಮೆಟ್, ವಾರ್ಡನ್, ರೇ ಮೂವರೂ ಸಮ ಸಮ ಬಂದರು. ಮರುದಿನ ಮಳೆಯಲ್ಲಿ ಮತ್ತೆ 18 ಕುಳಿ ಆಡಿಸಿದಾಗ ವಿಮೆಟ್ ಇಬ್ಬರನ್ನೂ ಸೋಲಿಸಿಬಿಟ್ಟ.

ಇಲ್ಲಿಗೆ ಮುಗಿಸಿದರೆ ಚಂದ ಇತ್ತು, ಆದರೆ ಮುಂದಿನದನ್ನೂ ಕೇಳು. 1916ರಲ್ಲಿ ಅದೇ ಗಾಲ್ಫ್ ಸಂಘ ‘ನೀನು ಆಟದ ಸಾಮಾನಿನ ಅಂಗಡಿ ಇಟ್ಟಿದ್ದೀಯ, ಹವ್ಯಾಸಿ ಆಟಗಾರ ಅಲ್ಲ’ ಎಂದು ಅವನ ಹವ್ಯಾಸಿ ಪಟ್ಟ ಕಿತ್ತುಕೊಂಡಿತು. ಹೊಟ್ಟೆಪಾಡಿಗೆ ದುಡಿಯುವ ಗರಜಿಲ್ಲದವರು ಬರೆದ ನಿಯಮ ಅದು. ಗದ್ದಲವಾದ ಮೇಲೆ, 1918ರಲ್ಲಿ ವಾಪಸ್ ಕೊಟ್ಟರು. 1951ರಲ್ಲಿ ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್‌ನ ರಾಯಲ್ ಅಂಡ್ ಏನ್ಷಿಯಂಟ್ ಕ್ಲಬ್ ಅವನನ್ನು ಕ್ಯಾಪ್ಟನ್ ಮಾಡಿತು. ಆ ಪಟ್ಟಕ್ಕೇರಿದ ಮೊದಲ ಅಮೆರಿಕನ್ ಅವನೇ.

ಹಳೇ ಕ್ಲಬ್ಬುಗಳಲ್ಲಿ ಸದಸ್ಯರನ್ನು ಗುಂಡು ಹಾಕಿ ಆರಿಸುತ್ತಿದ್ದರು ಅಂತ ನಮ್ಮ ಅಜ್ಜ ಹೇಳುತ್ತಿದ್ದರು. ನಿಜವೇನ್ರಿ?
– ಶಹಾಪುರದ ಓದುಗರು

ನಿಜ. ಬಂದೂಕಿನ ಗುಂಡಲ್ಲ, ಗೋಲಿಯಷ್ಟಿರುವ ಮರದ ಗುಂಡು. ನೀವು ಸುಮ್ನೆ ಅರ್ಜಿ ಕೊಡುವಂತಿಲ್ಲ. ಒಬ್ಬ ಸದಸ್ಯ ನಿಮ್ಮ ಹೆಸರು ಸೂಚಿಸಬೇಕು, ಇನ್ನೊಬ್ಬ ಅನುಮೋದಿಸಬೇಕು. ಹೆಸರು ಬೋರ್ಡಿನ ಮೇಲೆ ಬೀಳುತ್ತದೆ. ಮತದ ದಿನ ಒಂದು ಪೆಟ್ಟಿಗೆ ಇಡುತ್ತಾರೆ. ಒಳಗೆ ಕೈ ಹಾಕಿ ಬಿಳಿ ಗುಂಡು ಹಾಕಿದರೆ ಹೂಂ, ಕಪ್ಪು ಹಾಕಿದರೆ ಊಹೂಂ. ಯಾರು ಯಾವುದು ಹಾಕಿದರು ಎಂದು ಪಕ್ಕದವನಿಗೂ ಕಾಣುವುದಿಲ್ಲ. ಹತ್ತಕ್ಕೆ ಒಂದು ಕಪ್ಪು ಬಂದರೆ ಹೆಸರು ಹೋಯಿತು ಎಂಬ ನಿಯಮ ಕೆಲವೆಡೆ. ಒಂದೇ ಕಪ್ಪು ಸಾಕು ಎಂಬುದು ಇನ್ನು ಕೆಲವೆಡೆ. ಕಾರಣ ಯಾರೂ ಹೇಳಬೇಕಾಗಿಲ್ಲ.

ನಾನು ಆರ್ಟಿಕಲ್ ಕ್ಲರ್ಕ್, ಅಂದರೆ ಆಡಿಟರ್ ಕೈಕೆಳಗೆ ಕಲಿಯುವ ಹುಡುಗ ಆಗಿದ್ದಾಗ ಒಂದು ಹಳೇ ಕ್ಲಬ್ಬಿನ ಆಫೀಸಿನಲ್ಲಿ ಇಂಥ ಪೆಟ್ಟಿಗೆ ನೋಡಿದ್ದೇನೆ. ತೇಗದ್ದು, ಕೈ ತೂರಿಸಲು ಗುಂಡನೆಯ ತೂತು. ಆಗಲೇ ಅದರ ಕೆಲಸ ನಿಂತಿತ್ತು. ಗುಮಾಸ್ತರು ರಬ್ಬರ್ ಸ್ಟಾಂಪು ಇಡಲು ಬಳಸುತ್ತಿದ್ದರು. ನಮ್ಮಂಥ ಲೆಕ್ಕದ ಹುಡುಗರಿಗೆ ಹಿಂದಿನ ಬಾಗಿಲು, ಮುಂದಿನ ವರಾಂಡ ಸದಸ್ಯರಿಗೆ. ಚಹಾ ಮಾತ್ರ ಅಲ್ಲಿಂದಲೇ ಬರುತ್ತಿತ್ತು, ಚಲೋ ಇರುತ್ತಿತ್ತು.

ಕಾರಣ ಹೇಳಬೇಕಾಗಿಲ್ಲ ಅಂದೆನಲ್ಲ, ಅದೇ ಈ ಪದ್ಧತಿಯ ಜೀವ. ಅಮೆರಿಕದಲ್ಲಿ ಕರಿಯರು, ಯಹೂದಿಗಳು ವರ್ಷಾನುಗಟ್ಟಲೆ ಹೀಗೇ ಹೊರಗುಳಿದರು. ಎಷ್ಟೋ ಕಡೆ ಬರೆದ ನಿಯಮ ಇರಲಿಲ್ಲ, ಹೆಸರು ಸೂಚಿಸುವವನೇ ಸಿಗುತ್ತಿರಲಿಲ್ಲ. 1990ರಲ್ಲಿ ಅಲಬಾಮಾದ ಶೋಲ್ ಕ್ರೀಕ್ ಎಂಬ ಕ್ಲಬ್ಬಿನಲ್ಲಿ ದೊಡ್ಡ ಪಂದ್ಯಾವಳಿ ನಡೆಯಬೇಕಿತ್ತು. ಕರಿಯರನ್ನು ಸೇರಿಸಿಕೊಳ್ಳುವ ಪದ್ಧತಿ ನಮ್ಮಲ್ಲಿಲ್ಲ ಎಂಬರ್ಥದ ಮಾತನ್ನು ಅದರ ಸ್ಥಾಪಕ ಪತ್ರಿಕೆಯವರಿಗೆ ನೇರವಾಗಿ ಹೇಳಿಬಿಟ್ಟ. ಕಂಪನಿಗಳು ಟಿವಿ ಜಾಹೀರಾತು ಹಿಂದಕ್ಕೆ ತೆಗೆದುಕೊಂಡವು. ಕ್ಲಬ್ಬು ಗಡಿಬಿಡಿಯಲ್ಲಿ ಒಬ್ಬ ಕರಿಯ ಸದಸ್ಯನನ್ನು ಸೇರಿಸಿಕೊಂಡಿತು. ಅದೇ ವರ್ಷ ಹೆಸರುವಾಸಿ ಆಗಸ್ಟಾ ನ್ಯಾಷನಲ್ ಕ್ಲಬ್ಬಿಗೂ ಮೊದಲ ಕರಿಯ ಸದಸ್ಯ ಬಂದ. ಧರ್ಮಬುದ್ಧಿಗಿಂತ ಜಾಹೀರಾತಿನ ದುಡ್ಡು ಜೋರಾಗಿ ಮಾತಾಡಿತು ಎಂಬುದು ಈ ಆಡಿಟರನ ಅಭಿಪ್ರಾಯ.

ಬ್ರಿಟಿಷರ ಕಾಲದಲ್ಲಿ ನಮ್ಮವರನ್ನು ಕ್ಲಬ್ಬಿನೊಳಗೆ ಬಿಡುತ್ತಿರಲಿಲ್ಲ ಎನ್ನುತ್ತಾರೆ. ಗೇಟಿಗೆ ಬೋರ್ಡ್ ಹಾಕಿದ್ದರೇ?
– ಹಿಂದವಾಡಿಯ ನಿವೃತ್ತ ಮಾಸ್ತರರು

ಮಾಸ್ತರ್ರೇ, ಬೋರ್ಡ್ ಬರೆಸುವ ಖರ್ಚು ಅವರಿಗೆ ಬೇಕಾಗಿರಲಿಲ್ಲ. ಸದಸ್ಯರಾಗಲು ಯಾರು ಅರ್ಹರು ಎಂದು ಬೈಲಾದಲ್ಲಿ ಒಂದು ಕಲಮು ಇದ್ದರೆ ಸಾಕಿತ್ತು. ಕಲ್ಕತ್ತೆಯ ಬೆಂಗಾಲ್ ಕ್ಲಬ್ 1827ರದ್ದು. ಮದ್ರಾಸ್ ಕ್ಲಬ್ 1832ರದ್ದು. ನಮ್ಮ ಬೆಳಗಾವಿ ದಂಡು ಪ್ರದೇಶವೂ 1832ರದ್ದೇ. ಅಂದರೆ ಕ್ಯಾಂಪಿಗೂ ಆ ಕ್ಲಬ್ಬಿಗೂ ಒಂದೇ ವಯಸ್ಸು. ದಂಡು ಎಲ್ಲಿಗೆ ಹೋಯಿತೋ ಅಲ್ಲಿಗೆ ಚರ್ಚು, ರೇಸ್ ಕೋರ್ಸು, ಕ್ಲಬ್ಬು ಬೆನ್ನು ಹತ್ತಿ ಹೋದವು. ಗಾಲ್ಫ್ ಅಂತೂ ಅಮೆರಿಕಕ್ಕಿಂತ ಎಷ್ಟೋ ಮೊದಲೇ ಇಲ್ಲಿಗೆ ಬಂತು. ರಾಯಲ್ ಕಲ್ಕತ್ತಾ ಗಾಲ್ಫ್ ಕ್ಲಬ್ 1829ರದ್ದು, ಬ್ರಿಟನ್ನಿನ ಹೊರಗೆ ಅದೇ ಅತಿ ಹಳೆಯದು. ಬೆಂಗಳೂರಿನದು 1876ರದ್ದು.

ಹೊರಗುಳಿದ ನಮ್ಮವರು ಏನು ಮಾಡಿದರು? ತಮ್ಮದೇ ಕ್ಲಬ್ ಕಟ್ಟಿದರು. ವೈಸರಾಯ್ ಮಿಂಟೋ ಒಮ್ಮೆ ಸರ್ ರಾಜೇಂದ್ರನಾಥ ಮುಖರ್ಜಿ ಅವರನ್ನು ಬೆಂಗಾಲ್ ಕ್ಲಬ್ಬಿಗೆ ಊಟಕ್ಕೆ ಕರೆದಾಗ ಕ್ಲಬ್ಬಿನವರು ಬಿಡಲಿಲ್ಲವಂತೆ. ಸಾಮಾನ್ಯ ಮನುಷ್ಯರಲ್ಲ ಅವರು, ಅವರ ಕಂಪನಿಯೇ ಮುಂದೆ ವಿಕ್ಟೋರಿಯಾ ಸ್ಮಾರಕ ಕಟ್ಟಿತು. ಆ ಸಿಟ್ಟಿನಿಂದ 1907ರಲ್ಲಿ ಕಲ್ಕತ್ತಾ ಕ್ಲಬ್ ಹುಟ್ಟಿತು ಎನ್ನುತ್ತಾರೆ. ಬೆಂಗಳೂರಿನಲ್ಲಿ ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ 1917ರಲ್ಲಿ ಸೆಂಚುರಿ ಕ್ಲಬ್ ಆಯಿತು. ಮುಂಬೈಯಲ್ಲಿ ಗವರ್ನರ್ ವಿಲಿಂಗ್ಡನ್ ಬಿಳಿಯರು, ಭಾರತೀಯರು ಇಬ್ಬರೂ ಸೇರುವ ಕ್ಲಬ್ಬನ್ನು ತಮ್ಮ ಹೆಸರಲ್ಲೇ ಮಾಡಿಸಿದರು. ಆಗ ಬೆಳಗಾವಿ ಮುಂಬೈ ಪ್ರಾಂತ್ಯದಲ್ಲಿತ್ತಲ್ಲ, ಆ ಲೆಕ್ಕದಲ್ಲಿ ಅವರು ನಮಗೂ ಗವರ್ನರೇ.

ಇಷ್ಟಕ್ಕೆ ನಿಲ್ಲಿಸಿ ಬಿಳಿಯರನ್ನು ಬೈದು ಎದ್ದು ಹೋಗಬಹುದು. ಆದರೆ ಪಾಲ್ವಂಕರ್ ಬಾಳೂ ಅವರ ಕಥೆ ಹೇಳದೆ ಹೋದರೆ ಲೆಕ್ಕ ತಾಳೆಯಾಗುವುದಿಲ್ಲ. ಬಾಳೂ ಹುಟ್ಟಿದ್ದು ನಮ್ಮ ಧಾರವಾಡದಲ್ಲಿ, 1876ರಲ್ಲಿ. ದಲಿತ ಮನೆತನ. ಪುಣೆಯಲ್ಲಿ ಬಿಳಿಯರ ಕ್ಲಬ್ಬಿನ ಕ್ರಿಕೆಟ್ ಮೈದಾನ ನೋಡಿಕೊಳ್ಳುವ ಕೆಲಸ, ತಿಂಗಳಿಗೆ ನಾಲ್ಕು ರೂಪಾಯಿ ಪಗಾರ. ಸಾಹೇಬರು ಬ್ಯಾಟಿಂಗ್ ಅಭ್ಯಾಸ ಮಾಡುವಾಗ ಇವರು ಚೆಂಡು ಎಸೆಯಬೇಕು. ಎಸೆದೂ ಎಸೆದೂ ಎಡಗೈ ಸ್ಪಿನ್ ಪಳಗಿತು. ಬ್ಯಾಟು ಮಾತ್ರ ಇವರ ಕೈಗೆ ಕೊಡುತ್ತಿರಲಿಲ್ಲ. ಪುಣೆಯ ಹಿಂದೂಗಳ ತಂಡಕ್ಕೆ ಬಿಳಿಯರನ್ನು ಸೋಲಿಸುವ ಆಸೆಯಾಯಿತು. ಬಾಳೂ ಬೇಕಾದರು. ಮೈದಾನದಲ್ಲಿ ಎಲ್ಲರೂ ಮುಟ್ಟುವ ಚೆಂಡನ್ನು ಅವರೂ ಮುಟ್ಟಬಹುದು. ಚಹಾದ ಹೊತ್ತಿಗೆ ಉಳಿದವರಿಗೆ ಒಳಗೆ ಪಿಂಗಾಣಿ ಕಪ್ಪು, ಬಾಳೂಗೆ ಹೊರಗೆ ಮಣ್ಣಿನ ಕುಡಿಕೆ.

1911ರಲ್ಲಿ ಭಾರತದ ತಂಡ ಇಂಗ್ಲೆಂಡಿಗೆ ಹೋದಾಗ ಬಾಳೂ ನೂರಕ್ಕಿಂತ ಜಾಸ್ತಿ ವಿಕೆಟ್ ತೆಗೆದರು. ಆದರೂ ಮುಂಬೈಯ ದೊಡ್ಡ ಪಂದ್ಯಾವಳಿಯಲ್ಲಿ ಹಿಂದೂ ತಂಡದ ನಾಯಕತ್ವ ಅವರಿಗೆ ಸಿಗಲೇ ಇಲ್ಲ. ಅವರ ತಮ್ಮ ವಿಠ್ಠಲ್‌ಗೆ ಸಿಕ್ಕಿದ್ದು 1923ರಲ್ಲಿ. ನೋಡಿ ಮಾಸ್ತರ್ರೇ, ಬಿಳಿಯರು ಬಾಗಿಲು ಹಾಕಿದರು, ನಮ್ಮವರು ಪಕ್ಕದಲ್ಲೇ ಇನ್ನೊಂದು ಮನೆ ಕಟ್ಟಿದರು. ಆ ಮನೆಗೂ ಬಾಗಿಲು ಕೂರಿಸಿದರು, ಅದಕ್ಕೂ ಒಳಗಿನಿಂದ ಚಿಲಕ.

ಚರ್ಚಿಲ್ ಬೆಂಗಳೂರು ಕ್ಲಬ್ಬಿಗೆ ದುಡ್ಡು ಬಾಕಿ ಇಟ್ಟು ಹೋದ ಅನ್ನೋದು ಸುಳ್ಳು ಕಥೆ ಅಲ್ವಾ?
– ಖಾನಾಪುರದ ಓದುಗರು

ಅಪ್ಪಟ ನಿಜ. ಹದಿಮೂರು ರೂಪಾಯಿ. ಬೆಂಗಳೂರು ಕ್ಲಬ್ಬನ್ನು 1868ರಲ್ಲಿ ಬ್ರಿಟಿಷ್ ಅಧಿಕಾರಿಗಳು ಶುರು ಮಾಡಿದರು. ವಿನ್‌ಸ್ಟನ್ ಚರ್ಚಿಲ್ ಆಗ ಲೆಫ್ಟಿನೆಂಟ್, ಕುದುರೆ ದಳದ ಜೊತೆ ಬೆಂಗಳೂರಲ್ಲಿದ್ದ. 1899ರ ಬಾಕಿದಾರರ ಪಟ್ಟಿಯಲ್ಲಿ 17 ಜನರಿದ್ದಾರೆ, ಅವರಲ್ಲಿ ಇವನೂ ಒಬ್ಬ. ಇದನ್ನು ನಾನು ಹೇಳುವುದಲ್ಲ, ಸುಪ್ರೀಂ ಕೋರ್ಟ್ ಹೇಳಿದ್ದು. 2020ರಲ್ಲಿ ಈ ಕ್ಲಬ್ಬಿನ ಸಂಪತ್ತು ತೆರಿಗೆ ಪ್ರಕರಣದ ತೀರ್ಪನ್ನು ನ್ಯಾಯಮೂರ್ತಿಗಳು ಇದೇ ಕಥೆಯಿಂದ ಆರಂಭಿಸಿ, ಈ ಬಾಕಿ ಇಂದಿಗೂ ತೀರಿಲ್ಲ ಎಂದೂ ಬರೆದರು.

ಆ ಪ್ರಕರಣ ಕ್ಲಬ್ ಗೆದ್ದಿತು. ಆದರೆ 2013ರಲ್ಲಿ ಇದೇ ಕ್ಲಬ್ ಇನ್ನೊಂದು ಪ್ರಕರಣದಲ್ಲಿ ಸೋತಿತ್ತು. ಅದು ನನ್ನ ಕಸುಬಿಗೆ ಸೇರಿದ್ದು, ಹೇಳಿಬಿಡುತ್ತೇನೆ. ಸದಸ್ಯರು ದುಡ್ಡು ಹಾಕಿ, ಸದಸ್ಯರೇ ಖರ್ಚು ಮಾಡಿಕೊಂಡು, ಉಳಿದರೆ ಅದು ಲಾಭವಲ್ಲ. ನನ್ನ ಬಲಗಿಸೆಯಿಂದ ಎಡಗಿಸೆಗೆ ಹಾಕಿಕೊಂಡರೆ ಯಾವ ಆದಾಯ? ಅದಕ್ಕೆ ತೆರಿಗೆಯಿಲ್ಲ. ಆದರೆ ಉಳಿದ ದುಡ್ಡನ್ನು ಬ್ಯಾಂಕಿನಲ್ಲಿ ಠೇವಣಿ ಇಟ್ಟರೆ ಬ್ಯಾಂಕು ಅದನ್ನು ಹೊರಗಿನವರಿಗೆ ಸಾಲ ಕೊಡುತ್ತದೆ. ಆ ಬಡ್ಡಿ ಹೊರಗಿನಿಂದ ಬಂದದ್ದು, ತೆರಿಗೆ ಕಟ್ಟಿ ಎಂದಿತು ಕೋರ್ಟು. ಆ ಬ್ಯಾಂಕುಗಳು ಕ್ಲಬ್ಬಿನ ಸದಸ್ಯರೇ ಆಗಿದ್ದರೂ ವಾದ ನಡೆಯಲಿಲ್ಲ.

ಧೋತರ, ಚಪ್ಪಲಿ ಹಾಕಿಕೊಂಡು ಬಂದಿದ್ದಕ್ಕೆ ನಮ್ಮ ಕಾಕಾನನ್ನು ಒಂದು ಕ್ಲಬ್ಬಿನ ಬಾಗಿಲಲ್ಲೇ ನಿಲ್ಲಿಸಿದರು. ಮದುವೆ ಊಟಕ್ಕೆ ಕರೆದಿದ್ದರು, ಪಾಪ. ಹೀಗೆ ಮಾಡಲು ಅವರಿಗೆ ಹಕ್ಕಿದೆಯೇ?
– ಅಥಣಿಯ ಓದುಗರು

ನಿಮ್ಮ ಊರಿನವರಿಗೇ ಹೀಗಾಯಿತಲ್ಲ! ಕೊಲ್ಲಾಪುರಿ ಚಪ್ಪಲಿಗೆ 2019ರಲ್ಲಿ ಜಿಐ ಮಾನ್ಯತೆ (ಇಂಥ ಊರಿನದೇ ಮಾಲು ಎಂಬ ಸರ್ಕಾರಿ ಗುರುತು) ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಕ್ಕೂ ಪಾಲು ಬಂತು. ಅಥಣಿಯಲ್ಲಿ ಹೊಲಿದದ್ದು ವಿದೇಶಕ್ಕೆ ಹೋಗುತ್ತದೆ, ಕ್ಲಬ್ಬಿನ ಮೆಟ್ಟಿಲು ಹತ್ತುವಂತಿಲ್ಲ.

ಕಾನೂನಿಗೆ ಬರೋಣ. ಸಂವಿಧಾನದ 15ನೇ ವಿಧಿ ಅಂಗಡಿ, ಹೋಟೆಲು, ಸಾರ್ವಜನಿಕ ಮನರಂಜನೆಯ ಜಾಗಗಳಲ್ಲಿ ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಊರು ನೋಡಿ ತಡೆಯಬಾರದು ಎನ್ನುತ್ತದೆ. ಅದರಲ್ಲಿ ಉಡುಪಿನ ಮಾತಿಲ್ಲ. ಸದಸ್ಯರಿಗಷ್ಟೇ ಇರುವ ಖಾಸಗಿ ಕ್ಲಬ್ಬಿನ ಹೆಸರೂ ಇಲ್ಲ. ಈ ಸಂದಿನಲ್ಲೇ ಕ್ಲಬ್ಬಿನ ಡ್ರೆಸ್ ಕೋಡ್ ಬದುಕಿದೆ. 2014ರಲ್ಲಿ ಚೆನ್ನೈಯ ಒಂದು ಕ್ಲಬ್ಬಿನಲ್ಲಿ ಪಂಚೆ ಉಟ್ಟಿದ್ದ ಹೈಕೋರ್ಟ್ ನ್ಯಾಯಮೂರ್ತಿಯವರನ್ನೇ ತಡೆದರು. ತಮಿಳುನಾಡು ಸರ್ಕಾರ ಅದೇ ವರ್ಷ ಕಾನೂನು ತಂದಿತು. ಪಂಚೆ ಉಟ್ಟವರನ್ನು ತಡೆದರೆ ಒಂದು ವರ್ಷದವರೆಗೆ ಜೈಲು, 25 ಸಾವಿರ ರೂಪಾಯಿವರೆಗೆ ದಂಡ. ಅದು ತಮಿಳುನಾಡಿಗೆ ಮಾತ್ರ. 2017ರಲ್ಲಿ ದೆಹಲಿಯ ಒಂದು ಗಾಲ್ಫ್ ಕ್ಲಬ್ಬಿನಲ್ಲಿ ಖಾಸಿ ಸಮುದಾಯದ ಹೆಣ್ಣುಮಗಳೊಬ್ಬರು ತಮ್ಮ ಸಾಂಪ್ರದಾಯಿಕ ಉಡುಪಿನಲ್ಲಿ ಊಟಕ್ಕೆ ಕೂತಿದ್ದರು. ‘ಕೆಲಸದವಳ ಹಾಗೆ ಕಾಣುತ್ತೀರಿ’ ಎಂದು ಎಬ್ಬಿಸಿ ಕಳಿಸಿದ್ದು ದೊಡ್ಡ ಸುದ್ದಿಯಾಯಿತು.

ಇನ್ನು ಚಿತ್ರಕಾರ ಎಂ. ಎಫ್. ಹುಸೇನ್. ಅವರು ಬರಿಗಾಲಲ್ಲೇ ಓಡಾಡುತ್ತಿದ್ದರು. 1988ರಲ್ಲಿ ಮುಂಬೈಯ ಕ್ಲಬ್ಬೊಂದು ಅವರನ್ನು ಒಳಗೆ ಬಿಡಲಿಲ್ಲ. ಯಾವ ಕ್ಲಬ್ ಗೊತ್ತೇ? ಮೇಲೆ ಹೇಳಿದೆನಲ್ಲ, ಎಲ್ಲರೂ ಬರಲಿ ಎಂದು ಗವರ್ನರ್ ಸಾಹೇಬರು ಮಾಡಿಸಿದ ಅದೇ ವಿಲಿಂಗ್ಡನ್.

ನಿಮ್ಮ ಕಾಕಾಗೆ ಒಂದು ಮಾತು ಹೇಳಿ: ತಪ್ಪು ಮೊದಲು ಕರೆದವರದು. ಆಮಂತ್ರಣ ಪತ್ರದಲ್ಲಿ ಡ್ರೆಸ್ ಕೋಡ್ ಹಾಕಿಸಬೇಕಿತ್ತು. ಇಲ್ಲವೇ ಕಾಕಾ ಧೋತರದಲ್ಲೇ ಬರುವ ಕಲ್ಯಾಣ ಮಂಟಪದಲ್ಲಿ ಮದುವೆ ಇಡಬೇಕಿತ್ತು.

ಹೆಂಗಸರಿಗೆ ಸದಸ್ಯತ್ವ ಯಾವಾಗ ಸಿಕ್ಕಿತು?
– ಬೈಲಹೊಂಗಲದ ಗೃಹಿಣಿ

ತಡವಾಗಿ, ತಂಗಿ, ತೀರಾ ತಡವಾಗಿ. ಆಗಸ್ಟಾ ನ್ಯಾಷನಲ್‌ನಲ್ಲಿ 2012. ಸೇಂಟ್ ಆಂಡ್ರ್ಯೂಸ್‌ನ ರಾಯಲ್ ಅಂಡ್ ಏನ್ಷಿಯಂಟ್ ಕ್ಲಬ್ 1754ರದ್ದು, ಅಲ್ಲಿ 2014. ಸ್ಕಾಟ್ಲೆಂಡಿನ ಮ್ಯೂರ್‌ಫೀಲ್ಡ್‌ನಲ್ಲಿ 2016ರಲ್ಲಿ ಮತ ಹಾಕಿದಾಗ ಬೇಕಾದ ಮೂರನೇ ಎರಡು ಭಾಗ ಬರಲಿಲ್ಲ. ‘ಹಾಗಾದರೆ ನಿಮ್ಮಲ್ಲಿ ಬ್ರಿಟಿಷ್ ಓಪನ್ ಇಲ್ಲ’ ಎಂದು ಆ ದೊಡ್ಡ ಗಾಲ್ಫ್ ಪಂದ್ಯಾವಳಿ ನಡೆಸುವವರು ಹೇಳಿದಾಗ ಮರುವರ್ಷ ಮನಸ್ಸು ಬದಲಾಯಿತು. ಬಿಳಿಯರ ಬಾಗಿಲಿಗೆ ಸಿಟ್ಟಾಗಿ ಹುಟ್ಟಿದ ಕಲ್ಕತ್ತಾ ಕ್ಲಬ್ ಹೆಂಗಸರಿಗೆ ಸದಸ್ಯತ್ವ ಕೊಟ್ಟದ್ದು 2007ರಲ್ಲಿ. ಕೂಡಿಸಿ ಕಳೆದು ನೋಡಿ, ಸರಿಯಾಗಿ ನೂರು ವರ್ಷ.

ಅಜ್ಜಾ, ಗಾಲ್ಫ್ ಮೈದಾನಕ್ಕೆ ಅಷ್ಟು ದೊಡ್ಡ ಜಾಗ ಯಾಕೆ ಬೇಕು? ನಮ್ಮ ಶಾಲೆಗೆ ಆಟದ ಬಯಲೇ ಇಲ್ಲ.
– ಹನುಮಾನ ನಗರದ ಏಳನೇ ಇಯತ್ತೆ ಹುಡುಗಿ

ಹದಿನೆಂಟು ಕುಳಿ ಇರಬೇಕು ಮಗಾ. ಈ ಲೆಕ್ಕ ಸೇಂಟ್ ಆಂಡ್ರ್ಯೂಸ್‌ನಲ್ಲಿ 1764ರಲ್ಲಿ ಬಂತು. ಒಂದೊಂದು ಕುಳಿಗೂ ಇನ್ನೂರು, ನಾಲ್ಕುನೂರು ಮೀಟರ್ ಹೊಡೆಯುತ್ತಾ ಹೋಗಬೇಕು. ಎಲ್ಲ ಸೇರಿ ಸಾಮಾನ್ಯವಾಗಿ 100ರಿಂದ 200 ಎಕರೆ ಆಗುತ್ತದೆ. ನಡುವೆ ಮರ, ಪೊದೆ, ಎತ್ತರದ ಹುಲ್ಲು ಹಾಗೇ ಬಿಟ್ಟಿರುತ್ತಾರೆ. ನಮ್ಮ ಊರಿನ ಗಾಲ್ಫ್ ಮೈದಾನದಲ್ಲಿ 2022ರ ಆಗಸ್ಟ್‌ನಲ್ಲಿ ಚಿರತೆ ಸೇರಿಕೊಂಡದ್ದು ನಿನಗೆ ನೆನಪಿರಬಹುದು. ಜಾಧವ ನಗರದಲ್ಲಿ ಒಬ್ಬರ ಮೇಲೆ ಎರಗಿ ಆ ಕಡೆ ಹೋಗಿತ್ತು. ಸುತ್ತಲಿನ ಶಾಲೆಗಳಿಗೆ ರಜೆ ಕೊಟ್ಟರು. ಡ್ರೋನ್ ಬಂತು, ಕ್ಯಾಮೆರಾ ಬಂತು, ಸಕ್ರೆಬೈಲಿನಿಂದ ಆನೆಗಳೂ ಬಂದವು. ಚಿರತೆ ಮಾತ್ರ ಯಾರ ಕೈಗೂ ಸಿಗಲಿಲ್ಲ. ಸೂಚಕರಿಲ್ಲ, ಅನುಮೋದಕರಿಲ್ಲ, ಶುಲ್ಕವಿಲ್ಲ. ಅಷ್ಟು ದಿನ ಆ ಮೈದಾನ ಅನುಭವಿಸಿದ ಸದಸ್ಯನಲ್ಲದವನು ಅದೊಂದೇ ಇರಬೇಕು!

ಶಾಲೆಯ ಬಯಲಿನ ಪ್ರಶ್ನೆ ಬಹಳ ಸರಿಯಾಗಿದೆ. ಅದನ್ನು ನನಗಲ್ಲ, ನಿಮ್ಮ ಎಸ್‌ಡಿಎಂಸಿ ಸಭೆಯಲ್ಲಿ ಅಪ್ಪ ಅಮ್ಮನಿಂದ ಕೇಳಿಸು. ಪತ್ರದಲ್ಲಿ ಬರೆಸು, ಸ್ವೀಕೃತಿ ತೆಗೆದುಕೋ.

ನಮ್ಮ ಕಡೆ ಕ್ಲಬ್ ಅಂದ್ರೆ ಇಸ್ಪೀಟ್ ಆಡೋ ಜಾಗ. ರಮ್ಮಿ ಆಡಿದರೆ ಪೊಲೀಸರು ಹಿಡಿಯಬಹುದಾ?
– ಗೋಕಾಕದ ಓದುಗರು

ಗೋಕಾಕದಿಂದ ಈ ಪ್ರಶ್ನೆ ಬರದಿದ್ದರೆ ಆಶ್ಚರ್ಯಪಡುತ್ತಿದ್ದೆ. 1967ರಲ್ಲಿ ಸಿಕಂದರಾಬಾದಿನ ಒಂದು ಕ್ಲಬ್ಬಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ರಮ್ಮಿಗೆ ಮುಖ್ಯವಾಗಿ ಬೇಕಾದದ್ದು ಕೌಶಲ ಎಂದಿತು. ಬಿದ್ದ ಎಲೆ ನೆನಪಿಡಬೇಕು, ಯಾವುದು ಇಟ್ಟುಕೊಳ್ಳಬೇಕು, ಯಾವುದು ಬಿಡಬೇಕು ಎಂದು ಯೋಚಿಸಬೇಕು. ಮೂರೆಲೆ ಆಟ ಹಾಗಲ್ಲ, ಅದು ಬರೀ ಅದೃಷ್ಟ ಎಂದೂ ಅದೇ ತೀರ್ಪಿನಲ್ಲಿದೆ. ಆದರೆ ರಮ್ಮಿ ಮುಂದಿಟ್ಟುಕೊಂಡು ಕ್ಲಬ್ ನಡೆಸುವವನು ಪ್ರತಿ ಆಟದಿಂದ ಲಾಭ ಹೊಡೆಯುತ್ತಿದ್ದರೆ ಅದು ಅಪರಾಧವಾಗಬಹುದು ಎಂದೂ ಹೇಳಿದೆ. ಎಲೆ ಆಡುವ ಮೇಜಿನ ಹತ್ತಿರ ದುಡ್ಡಿನ ಡಬ್ಬಿ ಯಾರ ಕೈಯಲ್ಲಿದೆ ನೋಡಿಕೊಂಡು ಕೂಡ್ರಿ.

ಕಾಕಾ, ‘ನಿಮ್ಮ ನಂಬರ್‌ಗೆ ಲಕ್ಕಿ ಡ್ರಾ ಹೊಡೆದಿದೆ, ಗಂಡ ಹೆಂಡತಿ ಇಬ್ಬರೂ ಹೋಟೆಲಿಗೆ ಬಂದು ಗಿಫ್ಟ್ ತೆಗೆದುಕೊಂಡು ಹೋಗಿ, ಕ್ಲಬ್ ಸದಸ್ಯತ್ವದ ಮಾಹಿತಿ ಕೊಡುತ್ತೇವೆ’ ಅಂತ ಫೋನ್ ಬಂದಿದೆ. ಹೋಗಲಾ?
– ಚಿಕ್ಕೋಡಿಯ ಓದುಗರು

ನೂರೈವತ್ತು ವರ್ಷ ಕ್ಲಬ್ಬುಗಳು ಜನರನ್ನು ಹೊರಗಿಡಲು ಒದ್ದಾಡಿದವು. ಈಗ ಫೋನ್ ಮಾಡಿ ಕರೆಯುತ್ತಿವೆ ಅಂದರೆ ಅದು ಬೇರೆ ವ್ಯಾಪಾರ. ಗಿಫ್ಟ್ ಆಸೆಗೆ ಹೋಗಬೇಡಿ. ಹೋಗಲೇಬೇಕು ಅನಿಸಿದರೆ ಎಟಿಎಂ ಕಾರ್ಡು ಮನೆಯಲ್ಲಿಟ್ಟು ಹೋಗಿ. ‘ಇವತ್ತೇ ಸಹಿ ಮಾಡಿದರೆ ಮಾತ್ರ ಈ ದರ’ ಎಂದರೆ ಎದ್ದು ಬನ್ನಿ. ಕರಾರು ಪತ್ರದ ನಕಲು ಮನೆಗೆ ತಂದು ಓದಿ. ವರ್ಷ ವರ್ಷ ಕಟ್ಟುವ ನಿರ್ವಹಣೆ ಶುಲ್ಕ ಎಷ್ಟು, ಅದನ್ನು ಅವರು ಮನಸ್ಸಿಗೆ ಬಂದಂತೆ ಏರಿಸಬಹುದೇ, ಸೀಸನ್‌ನಲ್ಲಿ ಕೋಣೆ ಸಿಗುತ್ತದೆಯೇ, ಬೇಡವೆಂದರೆ ದುಡ್ಡು ಯಾವಾಗ ವಾಪಸ್, ಸದಸ್ಯ ತೀರಿಕೊಂಡರೆ ಹೆಂಡತಿ ಮಕ್ಕಳಿಗೆ ಬರುತ್ತದೆಯೇ, ಇಷ್ಟನ್ನೂ ಬರಹದಲ್ಲಿ ಕೇಳಿ. ಬಾಯಿಮಾತಿನ ಭರವಸೆ ಯಾವುದೂ ಕರಾರಿನಲ್ಲಿ ಇರುವುದಿಲ್ಲ. ಈಗಾಗಲೇ ದುಡ್ಡು ಕಟ್ಟಿದ್ದರೆ ರಸೀದಿ, ಕರಾರು, ಕಾರ್ಡಿನ ಸ್ಟೇಟ್‌ಮೆಂಟ್ ಮೂರನ್ನೂ ತೆಗೆದುಕೊಂಡು ಬೆಳಗಾವಿಯ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಿ. ದೂರಿಗೆ ಕಾರಣವಾದದ್ದು ನಡೆದು ಎರಡು ವರ್ಷ ದಾಟುವ ಮೊದಲು ಕೊಡಬೇಕು, ನೆನಪಿರಲಿ.